ಋಷಿಮೂಲ, ನದೀಮೂಲ, ಶ್ವಾನಮೂಲ

ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಋಷಿ ತನ್ನ ತಪಸ್ಸಿನಿಂದ ದೊಡ್ಡವನಾಗುತ್ತಾನೆ, ನದಿ ಹರಿಯುತ್ತ ಹರಿಯುತ್ತ ದೊಡ್ಡದಾಗುತ್ತದೆ. ಹುಟ್ಟಿದ ಸ್ಥಳವನ್ನು ಕೆದಕಿ ಹಿರಿಮೆಯನ್ನು ಅಳೆಯುವುದು ಸಲ್ಲದೆಂಬುದು ಈ ಮಾತಿನ ಇಂಗಿತ. ಮನುಷ್ಯರ ವಿಷಯದಲ್ಲಿ ನಾವು ಇದನ್ನು ಮನಸಾರೆ ಒಪ್ಪುತ್ತೇವೆ. 34 ವರ್ಷ ಯಾವ ಮಗುವಿನ ಮೂಲವನ್ನೂ ಕೇಳದೆ ಪಾಠ ಹೇಳಿದ್ದೇವೆ. ಆದರೆ ಮೂಲವನ್ನು ಕೇಳಲೇಬೇಕಾದ, ಕೇಳದಿದ್ದರೆ ಪಾಪಕ್ಕೆ ಪಾಲುಗಾರರಾಗುವ ಒಂದು ಸಂದರ್ಭವುಂಟೆಂಬುದು ನಮಗೆ ಎಪ್ಪತ್ತರ ಹೊಸ್ತಿಲಲ್ಲಿ ತಿಳಿದುಬಂತು. ಅದು ಮನೆಗೆ ನಾಯಿಮರಿಯನ್ನು ತರುವ ಸಂದರ್ಭ.

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ನಾಯಿಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಗಡಿ, ಭಾಷೆ, ಕನ್ನಡ ಶಾಲೆಗಳ ಅಳಿವು ಉಳಿವು ಇವೇ ನಮ್ಮ ಜತ್ತ ಸೀಮೆಯ ಲೇಖನಗಳ ರೂಢಿಯ ವಿಷಯಗಳು; ನಾವೂ ಹಿಂದೆ ಅವುಗಳನ್ನೇ ಬರೆದಿದ್ದೇವೆ. ಆದರೆ ಕನ್ನಡಕ್ಕೆ ನಾಯಿ ಹೊರಗಿನದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ವೀರಗಲ್ಲೊಂದು ದೊರೆತಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನು, ಏನು ಬೇಕೆಂದು ಒಡೆಯನು ಕೇಳಿದಾಗ, ಹೊನ್ನನ್ನು ಬೇಡದೆ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿಯಾಗಿ ಬಿಟ್ಟನು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆ ಕನ್ನಡಿಗನು ನಾಯಿಯನ್ನು ಹೀಗೆ ಗೌರವಿಸಿದ್ದನೆಂಬುದನ್ನು ನೆನೆದು ಮುಂದಿನ ಮಾತುಗಳನ್ನು ಓದಬೇಕೆಂದು ಕೋರುತ್ತೇವೆ.

ನಮ್ಮ ಬಾಲ್ಯದಲ್ಲಿ ಮನೆಗೆ ನಾಯಿ ಬಂದದ್ದು ಕುರಿಗಾರರ ಹಟ್ಟಿಯಿಂದ. ನಮ್ಮ ತಂದೆಯವರ ಹೆಗಲೇರಿ ಅಲ್ಲಿಗೆ ಹೋದ ನೆನಪು ಇನ್ನೂ ಹಸಿರಾಗಿದೆ. ಬೇಲಿಯ ನೆರಳಲ್ಲಿ ತಾಯಿ ನಾಯಿ ಮಲಗಿತ್ತು, ಐದು ಮರಿಗಳು ಮೊಲೆಗೆ ಕಚ್ಚಿಕೊಂಡಿದ್ದವು. ನಾವು ಹತ್ತಿರ ಹೋದೊಡನೆ ಅದು ತಲೆಯೆತ್ತಿ ಗುರುಗುಟ್ಟಿತು. ಕುರಿಗಾರ ಅಜ್ಜ ನಕ್ಕು, “ಈಗ ಕೊಡಾಂಗಿಲ್ಲ ಕಾಕಾ. ರೊಟ್ಟಿ ನೆಕ್ಕಾಕ ಕಲೀಲಿ, ಆಮ್ಯಾಲ ಬರ್ರಿ” ಎಂದ. ತಿಂಗಳು ಕಳೆದ ಮೇಲೆ ತಂದೆಯವರು ಮತ್ತೆ ಹೋಗಿ, ಒಂದು ಸೇರು ಜೋಳ ಮತ್ತು ಒಂದು ಬೆಲ್ಲದ ಪೆಂಟೆ ಕೊಟ್ಟು ಮರಿಯನ್ನು ತಂದರು. ಆ ನಾಯಿ ಹದಿಮೂರು ವರ್ಷ ನಮ್ಮ ಕಣ ಕಾಯಿತು.

ಈ ನೆನಪನ್ನು ಹೇಳುವಾಗ ಹಳೆಯದೆಲ್ಲ ಹೊನ್ನೆಂದು ಸಾಧಿಸುವ ಆಸೆ ನಮಗಿಲ್ಲ. ಅದೇ ಕಾಲದಲ್ಲಿ ಹೆಣ್ಣು ಮರಿಗಳನ್ನು ಚೀಲದಲ್ಲಿ ಕಟ್ಟಿ ಊರ ಹೊರಗಿನ ಹಳ್ಳಕ್ಕೆ ಬಿಟ್ಟು ಬರುವುದನ್ನೂ ನಾವು ನೋಡಿದ್ದೇವೆ. ನಮ್ಮ ಮನೆಗೆ ಬಂದದ್ದೂ ಗಂಡು ಮರಿಯೇ. ಉಳಿದ ಮರಿಗಳೇನಾದವೆಂದು ನಾವು ಕೇಳಲಿಲ್ಲ. ಆದರೆ ಒಂದು ಸಂಗತಿ ಮಾತ್ರ ಅಲ್ಲಿ ಸ್ಪಷ್ಟವಾಗಿತ್ತು. ಮರಿಯ ತಾಯಿ ನಮ್ಮ ಕಣ್ಣ ಮುಂದೆ ಇದ್ದಳು. ಅವಳು ಗುರುಗುಟ್ಟಬಲ್ಲವಳಾಗಿದ್ದಳು, ಆ ಗುರುಗುಟ್ಟುವಿಕೆಗೆ ಬೆಲೆಯೂ ಇತ್ತು.

ಇನ್ನು ಎಂಟು ವರ್ಷಗಳ ಹಿಂದಿನ ಮಾತು. ದೀಪಾವಳಿಯ ರಜೆಗೆ ಬಂದ ಮೊಮ್ಮಗನು ನಾಯಿ ಬೇಕೆಂದು ಹಟ ಹಿಡಿದ. ಅವನಿಗೆ ಆಗ ಒಂಬತ್ತು ವರ್ಷ. ನಾವು ಒಂದು ದೊಡ್ಡ ನಗರಕ್ಕೆ ಹೋಗಿ, ಸಾಕುಪ್ರಾಣಿಗಳ ಅಂಗಡಿಯೊಂದರಲ್ಲಿ 12,000 ರೂಪಾಯಿ ಕೊಟ್ಟು ಲ್ಯಾಬ್ರಡಾರ್ ಜಾತಿಯ ಮರಿಯೊಂದನ್ನು ಕೊಂಡೆವು. ಅಂಗಡಿ ಹೊಳೆಯುತ್ತಿತ್ತು, ಗಾಜಿನ ಗೂಡುಗಳಲ್ಲಿ ಮರಿಗಳು ಮಲಗಿದ್ದವು. ಮರಿಗೆ ಐವತ್ತು ದಿನವಾಗಿದೆ, ಲಸಿಕೆ ಆಗಿದೆ, ಶುದ್ಧ ತಳಿಯೆಂಬುದಕ್ಕೆ ಕಾಗದ ಅಂಚೆಯಲ್ಲಿ ಬರುತ್ತದೆ ಎಂದು ಅಂಗಡಿಯವನು ಮರಾಠಿಯಲ್ಲಿ ಹೇಳಿದ. ನಾವು ನಂಬಿದೆವು. ನಿಜ ಹೇಳಬೇಕೆಂದರೆ, ನಂಬುವುದು ನಮಗೆ ಅನುಕೂಲವಾಗಿತ್ತು.

ಬಸ್ಸಿನಲ್ಲಿ ಹಿಂದಿರುಗುವಾಗ ಮರಿ ಮೊಮ್ಮಗನ ಮಡಿಲಲ್ಲಿ ನಡುಗುತ್ತ ಸಣ್ಣ ದನಿಯಲ್ಲಿ ಅಳುತ್ತಿತ್ತು. ಹುಡುಗ ಅದನ್ನು ತನ್ನ ಅಂಗಿಯೊಳಗೆ ಸೇರಿಸಿಕೊಂಡು, “ಅಜ್ಜಾ, ಇದರ ಅವ್ವ ಎಲ್ಲದಾಳ?” ಎಂದು ಕೇಳಿದ. “ತನ್ನ ಮನಿಯೊಳಗ ಆರಾಮ ಅದಾಳಪ್ಪಾ” ಎಂದೆವು ನಾವು. ಮಕ್ಕಳಿಗೆ ಸತ್ಯ ಹೇಳಿರೆಂದು ಬದುಕಿಡೀ ಬೋಧಿಸಿದ ನಾವು, ನಮಗೆ ಏನೇನೂ ತಿಳಿಯದ ವಿಷಯವನ್ನು ತಿಳಿದವರಂತೆ ಹೇಳಿ ಆ ಮಗುವಿನ ಪ್ರಶ್ನೆಯನ್ನು ಮುಚ್ಚಿಬಿಟ್ಟೆವು.

ನಾಲ್ಕನೆಯ ದಿನ ಮರಿಗೆ ವಾಂತಿ ಹತ್ತಿತು. ಮರುದಿನ ರಕ್ತಭೇದಿ. ಪಶುವೈದ್ಯರು ಬಾಯಿ ತೆರೆದು ಹಲ್ಲು ನೋಡಿ, ಇದಕ್ಕೆ ಐದು ವಾರವೂ ಆಗಿಲ್ಲ, ಐವತ್ತು ದಿನದ ಮಾತು ಎಲ್ಲಿಂದ ಬಂತು ಎಂದು ಕೇಳಿದರು. ಪಾರ್ವೊ ಎಂಬ ಸೋಂಕು ತಗಲಿತ್ತು. ಈ ಸೋಂಕು ದೇಹಕ್ಕೆ ಸೇರಿದ ಮೂರರಿಂದ ಏಳು ದಿನಗಳಲ್ಲಿ ಸಾಮಾನ್ಯವಾಗಿ ತಲೆದೋರುತ್ತದೆಂದೂ, ಆದ್ದರಿಂದ ಮರಿ ಅದನ್ನು ನಮ್ಮ ಮನೆಗೆ ಬರುವ ಮುನ್ನವೇ ಹೊತ್ತು ತಂದಿರಬೇಕೆಂದೂ ವೈದ್ಯರು ವಿವರಿಸಿದರು. ಸಲೈನ್ ಏರಿಸಿದರು, ರಾತ್ರಿ ಹೊತ್ತು ಮನೆಗೂ ಬಂದು ನೋಡಿದರು. ಏಳನೆಯ ದಿನ ಬೆಳಗಿನ ಜಾವ ಮರಿ ಸತ್ತಿತು. ಮೊಮ್ಮಗ ಅದಕ್ಕೆ ಮೋತಿ ಎಂದು ಹೆಸರಿಟ್ಟಿದ್ದ. ಬೇವಿನ ಮರದ ಬುಡದಲ್ಲಿ ಅದನ್ನು ಮಣ್ಣು ಮಾಡಿದೆವು.

ನಾವೂ ನಮ್ಮ ಮನೆಯವರೂ ಆ ಅಂಗಡಿಗೆ ಮತ್ತೆ ಹೋದೆವು. ಅಂಗಡಿಯವನು ವಾದಕ್ಕಿಳಿಯಲಿಲ್ಲ. ಹಣ ಹಿಂದಿರುಗಿಸುವುದಿಲ್ಲ, ಬದಲಿಗೆ ಬೇರೆ ಮರಿ ಕೊಡುತ್ತೇನೆ ಎಂದು, ಸುಟ್ಟುಹೋದ ಬಲ್ಬನ್ನು ಬದಲಿಸಿ ಕೊಡುವವನ ಸಹಜತೆಯಿಂದ ಹೇಳಿ, ಅದೇ ಬಣ್ಣದ ಮರಿಯೊಂದನ್ನು ತಂದು ಮೇಜಿನ ಮೇಲಿಟ್ಟ. ಅದರ ಕಣ್ಣಲ್ಲಿ ಗೀಜು ಕಟ್ಟಿತ್ತು, ಹೊಟ್ಟೆ ಉಬ್ಬಿತ್ತು. ನಮಗೆ ಮೈ ಉರಿಯಿತು. ಬೇಡವೆಂದು ಎದ್ದೆವು. ಆಗ ನಮ್ಮ ಮನೆಯವರು, “ರೊಕ್ಕೇನ ಕೇಳವಲ್ಲ, ಹಂಗ ಕೊಡ್ತಾನ. ತಗೊಂಡ್ರ ಒಂದ ಜೀವಾ ಉಳೀತದ. ಅದರಾಗ ನಿಮಗ ಏನ ಕಮ್ಮಿ ಆಗ್ತದ್ರಿ?” ಎಂದರು. ನಾವು ಒಪ್ಪಲಿಲ್ಲ. ಇಂಥವನಿಂದ ಮತ್ತೊಂದನ್ನು ಪಡೆದರೆ ಮೋತಿಯ ಸಾವನ್ನು ಲೆಕ್ಕಕ್ಕೆ ಜಮಾ ಮಾಡಿದಂತಾಗುತ್ತದೆ, ಖಾಲಿಯಾದ ಗೂಡಿಗೆ ಅವನು ನಾಳೆಯೇ ಇನ್ನೊಂದನ್ನು ತರಿಸುತ್ತಾನೆ ಎಂದು ದಾರಿಯುದ್ದಕ್ಕೂ ಹೇಳಿದೆವು. ಅವರು ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತರು. ಆ ಮರಿಯ ಗತಿ ಏನಾಯಿತೆಂದು ನಮಗೆ ತಿಳಿಯದು.

ಈ ಪ್ರಸಂಗದ ತರುವಾಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದ. ಅವನು ಟೆಂಪೋ ಓಡಿಸುವವನು. ನಾಯಿಯ ಮಾತು ಬಂದಾಗ ತಲೆತಗ್ಗಿಸಿ, ತಾನು ಒಂದು ವರ್ಷ ರಾತ್ರಿ ಹೊತ್ತು ಬುಟ್ಟಿಗಳಲ್ಲಿ ಮರಿಗಳನ್ನು ಸಾಗಿಸಿದ್ದುಂಟೆಂದು ಹೇಳಿದ. ಊರ ಹೊರಗಿನ ತಗಡಿನ ಶೆಡ್ಡು. ಒಳಗೆ ಜಾಳಿಗೆಯ ಗೂಡುಗಳ ಸಾಲು. ಪ್ರತಿ ಗೂಡಿನಲ್ಲಿ ಒಂದು ಹೆಣ್ಣು ನಾಯಿ. ನೆಲ ಮುಟ್ಟದ ಕಾಲುಗಳಲ್ಲಿ ಉಗುರು ಸುರುಳಿಯಾಗಿ ಬೆಳೆದಿತ್ತಂತೆ. “ಹೊಸಬರು ಒಳಗ ಹ್ವಾದ್ರೂ ಒಂದೂ ಬೊಗಳೂದಿಲ್ರಿ ಗುರೂಜಿ. ಸುಮ್ನ ನೋಡ್ತಾವ” ಎಂದ. ಹೊಟ್ಟೆಪಾಡಿಗೆ ಮಾಡಿದ ಕೆಲಸವನ್ನು ಅವನು ಬಿಟ್ಟದ್ದು ಆ ನೋಟವನ್ನು ತಾಳಲಾರದೆ. ಮೊಮ್ಮಗನ ಪ್ರಶ್ನೆಗೆ ಉತ್ತರ ಹೀಗೆ ತಡವಾಗಿ, ನಾವು ಕೇಳದೆಯೇ ನಮ್ಮ ಮನೆಯಂಗಳಕ್ಕೆ ಬಂತು. ಮೋತಿ ಅದೇ ಶೆಡ್ಡಿನದೆಂದು ನಾವು ಹೇಳಲಾರೆವು. ಅಂಥದೇ ಒಂದು ಕಡೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಇಂಥ ತಾಣಗಳನ್ನು ಇಂಗ್ಲಿಷಿನವರು ಪಪ್ಪಿ ಮಿಲ್ ಎಂದು ಕರೆಯುತ್ತಾರೆ. ಸೊಲ್ಲಾಪುರದ ಬಟ್ಟೆಯ ಗಿರಣಿಗಳ ಭೋಂಗಾ ಕೇಳಿ ಬೆಳೆದ ನಮ್ಮ ಕಡೆಯವರು ಇದನ್ನು ಮರಿಗಳ ಗಿರಣಿ ಎನ್ನಬಹುದು. ಅದರ ಗಣಿತ ಶಾಲೆಯ ಮಗುವೂ ಮಾಡಬಲ್ಲಷ್ಟು ಸುಲಭ. ಹೆಣ್ಣು ನಾಯಿ ಸುಮಾರು 6 ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗಬ್ಬದ ಅವಧಿ ಸುಮಾರು 63 ದಿನ. ಬಂದ ಬೆದೆಯನ್ನೆಲ್ಲ ಬಿಡದೆ ಗಬ್ಬ ಕಟ್ಟಿಸಿದರೆ ವರ್ಷಕ್ಕೆ 2 ಸೂಲು. ಸೂಲಿಗೆ 6 ಮರಿಯೆಂದು ಹಿಡಿದರೂ ವರ್ಷಕ್ಕೆ 12 ಮರಿ, 5 ವರ್ಷಕ್ಕೆ 60 ಮರಿ. ನಾವು ತೆತ್ತ ಅಂಗಡಿಯ ಬೆಲೆಯಲ್ಲಿ ಅದು 7,20,000 ರೂಪಾಯಿ. ಹತ್ತು ಗೂಡಿದ್ದರೆ 72 ಲಕ್ಷ. ಈ ಲೆಕ್ಕದಲ್ಲಿ ತಾಯಿಯ ವಿಶ್ರಾಂತಿ, ಔಷಧ, ಒಂದು ಗಳಿಗೆಯ ಬಿಸಿಲು ಇವೆಲ್ಲವೂ ಖರ್ಚಿನ ಬಾಬತ್ತುಗಳು. ಮರಿ ಚಿಕ್ಕದಾದಷ್ಟೂ ಗಿರಾಕಿಗೆ ಮುದ್ದು. ಆದ್ದರಿಂದ ನಾಲ್ಕೈದು ವಾರಕ್ಕೇ ತಾಯಿಯಿಂದ ಅಗಲಿಸುತ್ತಾರೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಕರಗುತ್ತಿರುತ್ತದೆ, ಲಸಿಕೆಯ ರಕ್ಷಣೆ ಇನ್ನೂ ಮೂಡಿರುವುದಿಲ್ಲ. ಆ ನಡುಗಾಲದಲ್ಲಿ ಹತ್ತು ಕಡೆಯ ಮರಿಗಳನ್ನು ಒಂದೆಡೆ ಕೂಡಿಹಾಕಿದರೆ ಸೋಂಕು ಹರಡದೆ ಇನ್ನೇನಾದೀತು? ಬದುಕಿ ಉಳಿದದ್ದೂ ಒಡಹುಟ್ಟಿದವರೊಡನೆ ಆಡಿ, ಕಚ್ಚಿ, ಕಚ್ಚಿಸಿಕೊಂಡು ಕಲಿಯಬೇಕಾದ ಮಿತಿಯನ್ನು ಕಲಿತಿರುವುದಿಲ್ಲ; ಬೆಳೆದ ಮೇಲೆ ಅಂಜುಬುರುಕ ಅಥವಾ ಕಚ್ಚುವ ನಾಯಿಯಾಗಿ, ಕಡೆಗೆ ಹೆದ್ದಾರಿಯ ಬದಿಗೆ ಬೀಳುವುದುಂಟು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಶೆಡ್ಡನ್ನು ಕಟ್ಟಿದವರು ನಾವಲ್ಲ. ಅಂಥದೊಂದು ಇದೆಯೆಂದೂ ನಮಗೆ ತಿಳಿದಿರಲಿಲ್ಲ. ಮಗುವಿನ ಸಂತೋಷಕ್ಕಾಗಿ ಮರಿಯೊಂದನ್ನು ಕೊಂಡೆವು. ಇದರಲ್ಲಿ ನಮ್ಮ ದೋಷವೇನು?

ಸಾಂಗಲಿ, ಕೊಲ್ಹಾಪುರ, ಬೆಳಗಾವಿಗಳ ಈ ಸೀಮೆಯಲ್ಲಿ ಜೈನ ಬಂಧುಗಳು ಬಹಳ. ಅವರ ಶಾಸ್ತ್ರಕಾರರು ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದ್ದಾರೆ: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಕೈಗೆ ರಕ್ತ ಹತ್ತದವನು ಹಿಂಸೆಯಿಂದ ಪಾರಾದನೆಂದು ಅವರು ಒಪ್ಪುವುದಿಲ್ಲ. ಮೋತಿ ಹುಟ್ಟಿದ ಮೇಲೆ ನಾವು ಅಂಗಡಿಗೆ ಹೋದವರು. ಆದಕಾರಣ ಅದರ ಹುಟ್ಟಿನ ಕ್ರೌರ್ಯವನ್ನು ನಾವು ಮಾಡಿಸಲಿಲ್ಲ ಎಂದು ವಾದಿಸಬಹುದು. ಆದರೆ ನಾವು ಎಣಿಸಿಕೊಟ್ಟ 12,000 ರೂಪಾಯಿ ಎಲ್ಲಿಗೆ ಹೋಯಿತು? ಅದು ಆ ಮರಿಯ ಬೆಲೆಯೆಂದು ನಾವು ತಿಳಿದಿದ್ದೆವು. ವಾಸ್ತವದಲ್ಲಿ ಅದು ಅದರ ತಾಯಿಯ ಮುಂದಿನ ಸೂಲಿಗೆ ನಾವು ಕೊಟ್ಟ ಮುಂಗಡವಾಗಿತ್ತು. ಅಲ್ಲಿಂದ ಮುಂದಿನದಕ್ಕೆ ನಾವು ಮಾಡಿಸಿದವರೇ.

ಇನ್ನು ತಿಳಿದಿರಲಿಲ್ಲವೆಂಬ ಮಾತು. ಜನ್ನನ ಯಶೋಧರ ಚರಿತೆಯನ್ನು ಬಲ್ಲವರಿಗೆ ಹಿಟ್ಟಿನ ಕೋಳಿಯ ಕಥೆ ಗೊತ್ತು. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಯಶೋಧರನು ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಸಂಕಲ್ಪ ಮಾತ್ರದಿಂದಲೇ ತಾಯಿ ಮಗ ಇಬ್ಬರೂ ಹಲವು ಜನ್ಮಗಳಲ್ಲಿ ಪ್ರಾಣಿಗಳಾಗಿ ತೊಳಲುತ್ತಾರೆ, ಅದರಲ್ಲಿ ತಾಯಿಗೆ ಒಂದು ನಾಯಿಯ ಜನ್ಮವೂ ಬರುತ್ತದೆ. ಅಲ್ಲಿ ಸಂಕಲ್ಪವಿತ್ತು, ಪ್ರಾಣಹಾನಿ ಇರಲಿಲ್ಲ. ನಮ್ಮಲ್ಲಿ ಪ್ರಾಣಹಾನಿಯಾಯಿತು, ಸಂಕಲ್ಪವಿರಲಿಲ್ಲ. ಹಾಗಾದರೆ ನಾವು ಯಶೋಧರನಿಗಿಂತ ನಿರಪರಾಧಿಗಳೇ? ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಒದಗುವ ಹಾನಿಯನ್ನೂ ತತ್ತ್ವಾರ್ಥಸೂತ್ರವು ಹಿಂಸೆಯೆಂದೇ ಎಣಿಸುತ್ತದೆ. ತಿಳಿಯಲು ದಾರಿಯಿಲ್ಲದೆ ತಿಳಿಯದಿರುವುದು ಒಂದು. ಒಂದು ಮಾತು ಕೇಳಿದ್ದರೆ ತಿಳಿಯಬಹುದಾಗಿದ್ದುದನ್ನು ಕೇಳದೆ ಬಿಟ್ಟು ತಿಳಿಯದಿರುವುದು ಇನ್ನೊಂದು. ಒಂಬತ್ತು ವರ್ಷದ ಹುಡುಗನಿಗೆ ತೋಚಿದ ಪ್ರಶ್ನೆ ಅರವತ್ತೆಂಟು ವರ್ಷದ ಮುಖ್ಯೋಪಾಧ್ಯಾಯನಿಗೆ ಅಂಗಡಿಯಲ್ಲಿ ತೋಚಲಿಲ್ಲವೆಂದರೆ ಯಾರು ನಂಬುತ್ತಾರೆ? ತೋಚಿತ್ತು. ಕೇಳಿದರೆ ಬರಿಗೈಯಲ್ಲಿ ಹಿಂದಿರುಗಬೇಕಾದೀತೆಂದು ನಾವು ಕೇಳಲಿಲ್ಲ.

ಮಹಾಭಾರತದ ಆದಿಪರ್ವದಲ್ಲಿ ಒಂದು ಪ್ರಸಂಗವಿದೆ. ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರಯಾಗ ನಡೆಸುತ್ತಿದ್ದಾಗ ನಾಯಿಮರಿಯೊಂದು ಅಲ್ಲಿಗೆ ಬರುತ್ತದೆ. ಅರಸನ ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಮರಿ ಅಳುತ್ತ ತಾಯಿ ಸರಮೆಯ ಬಳಿಗೆ ಓಡುತ್ತದೆ. ಅವಳು ಯಾಗಶಾಲೆಗೇ ಬಂದು, ಹವಿಸ್ಸನ್ನು ನೆಕ್ಕದ, ಅದರತ್ತ ನೋಡಲೂ ಇಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಲ್ಲಿದ್ದವರು ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಅವಳು ಶಪಿಸುತ್ತಾಳೆ. ಅಷ್ಟು ದೊಡ್ಡ ಗ್ರಂಥವು ತನ್ನ ಆರಂಭದಲ್ಲೇ ಒಂದು ತಾಯಿ ನಾಯಿಗೆ ನ್ಯಾಯ ಕೇಳುವ ಅವಕಾಶ ಕೊಟ್ಟಿದೆ. ಸರಮೆಗೆ ಕಾಲುಗಳಿದ್ದವು, ಯಾಗಶಾಲೆಯ ದಾರಿ ತೆರೆದಿತ್ತು. ಜಾಳಿಗೆಯ ಗೂಡಿನ ತಾಯಿ ನಮ್ಮ ಮನೆಯವರೆಗೆ ಬರಲಾರಳು. ಅವಳ ಪರವಾಗಿ ಕೇಳಬೇಕಾದವನು ಕೊಳ್ಳುವವನೇ.

ನಮ್ಮೊಬ್ಬರಿಂದ ಏನಾದೀತು, ನಾವು ಬಿಟ್ಟರೆ ಇನ್ನೊಬ್ಬರು ಕೊಳ್ಳುತ್ತಾರೆ ಎಂಬ ಆಕ್ಷೇಪವನ್ನು ನಾವು ಸಂಘದ ಗೆಳೆಯರಿಂದ ಕೇಳಿದ್ದೇವೆ. ಇದೇ ತರ್ಕದಿಂದ ಒಬ್ಬೊಬ್ಬರೇ ತಮ್ಮ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸಿದಾಗ ತರಗತಿಗಳು ಹೇಗೆ ಖಾಲಿಯಾದವೆಂಬುದನ್ನು ಗಡಿನಾಡಿನವರಿಗೆ ಬೇರೆ ಹೇಳಬೇಕಾಗಿಲ್ಲ. ಒಬ್ಬೊಬ್ಬರಿಂದ ಕೆಡುವುದು ಒಬ್ಬೊಬ್ಬರಿಂದಲೇ ಉಳಿಯಬೇಕು. ಮಾರುವವನೂ ಹೊಟ್ಟೆಪಾಡಿನವನೆಂಬ ಮಾತೂ ಇದೆ. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ನಾಯಿ ಸಾಕಿ, ಮರಿ ಮಾರಿ ಮಾನವಾಗಿ ಬದುಕುವ ಕುಟುಂಬಗಳಿವೆ. ತಾಯಿಯನ್ನು ಅಂಗಳದಲ್ಲಿಟ್ಟು ಸಾಕುವವನ ಅನ್ನಕ್ಕೆ ನಾವು ಅಡ್ಡಬರುವುದಿಲ್ಲ.

ಕರುಣೆಯಿಂದಲೇ ಕೊಳ್ಳುವವರ ವಿಷಯ ಮಾತ್ರ ಕಠಿಣ. ಗೂಡಿನಲ್ಲಿ ನರಳುವ ಮರಿಯನ್ನು ಹಣ ಕೊಟ್ಟಾದರೂ ಬಿಡಿಸೋಣವೆಂದು ಮನಸ್ಸು ಹೇಳುತ್ತದೆ. ಆ ಹಣ ಕಾಣದ ತಾಯಿಯೊಬ್ಬಳನ್ನು ಇನ್ನೊಂದು ಗಬ್ಬಕ್ಕೆ ದೂಡುತ್ತದೆಂದು ಬುದ್ಧಿ ಹೇಳುತ್ತದೆ. ಹಣ ಕೊಟ್ಟು ಬಿಡಿಸುವುದು ತಪ್ಪೆಂದೇ ನಮ್ಮ ನಿಲುವು. ಅಂಥ ಮರಿಯನ್ನು ಕಂಡರೆ ಪಶುಸಂಗೋಪನ ಇಲಾಖೆಗೆ ಅಥವಾ ಪೊಲೀಸರಿಗೆ ದೂರು ಕೊಡುವುದು ಮೇಲು. ಆದರೆ ನಮ್ಮ ಮನೆಯವರು ಅಂದು ಕೇಳಿದ ಪ್ರಶ್ನೆಗೆ ಈ ನಿಲುವು ಪೂರ್ತಿ ಉತ್ತರವಾಗುವುದಿಲ್ಲ. ಆ ಮರಿಗೆ ನಾವು ಹಣ ಕೊಡಬೇಕಾಗಿರಲಿಲ್ಲ. ಅದನ್ನು ಎತ್ತಿಕೊಂಡು ಬಂದು, ಅನಂತರ ದೂರನ್ನೂ ಕೊಡಬಹುದಾಗಿತ್ತು. ಈಗ ಯೋಚಿಸಿದರೆ, ಅಂದು ನಮ್ಮನ್ನು ಎಬ್ಬಿಸಿ ಹೊರಡಿಸಿದ್ದು ತತ್ತ್ವಕ್ಕಿಂತ ಹೆಚ್ಚಾಗಿ ಸಿಟ್ಟು. ತತ್ತ್ವದ ಬಟ್ಟೆಯನ್ನು ಅದಕ್ಕೆ ಬಸ್ಸಿನಲ್ಲಿ ತೊಡಿಸಿದೆವು. ನಮ್ಮ ಮನೆಯವರು ಆ ವಿಷಯದಲ್ಲಿ ಇಂದಿಗೂ ನಮ್ಮನ್ನು ಒಪ್ಪಿಲ್ಲ. ಒಪ್ಪಬೇಕೆಂದು ನಾವೂ ಈಗ ಕೇಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ತಡೆ ಕಾಯಿದೆ ಬಂತು. ಅದರಡಿ 2017ರಲ್ಲಿ ನಾಯಿತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ಬಂದವು. ಅವುಗಳ ಪ್ರಕಾರ ಮರಿ ಮಾರಲೆಂದು ನಾಯಿ ಸಾಕುವವನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 8 ವಾರ ತುಂಬದ ಮರಿಯನ್ನು ಮಾರಕೂಡದು. 18 ತಿಂಗಳು ತುಂಬದ ನಾಯಿಗೆ ಗಬ್ಬ ಕಟ್ಟಿಸಕೂಡದು. ಜೀವಮಾನದಲ್ಲಿ 5 ಸೂಲು ಮೀರಕೂಡದು. ನಿಯಮ ಕಾಗದದಲ್ಲಿದೆ, ಅದಕ್ಕೆ ಜೀವ ಬರುವುದು ಕೊಳ್ಳುವವನು ನೋಂದಣಿ ಪತ್ರವನ್ನು ತೋರಿಸೆಂದು ಕೇಳಿದಾಗ.

ಹಾಗಾದರೆ ನಾಯಿಯನ್ನು ಎಲ್ಲಿಂದ ತರಬೇಕು? ಖಿಲಾರಿ ಹೋರಿ ಕೊಳ್ಳುವ ನಮ್ಮ ರೈತ ಸುಮ್ಮನೆ ಹಗ್ಗ ಹಿಡಿಯುವುದಿಲ್ಲ. ಯಾರ ಮನೆಯದು, ತಾಯಿ ಎಂಥದು ಎಂದು ವಿಚಾರಿಸಿ, ಹಲ್ಲು ನೋಡಿ, ಸುಳಿ ನೋಡುತ್ತಾನೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆ ನಾಯಿಗೂ ಸಲ್ಲುತ್ತದೆ. ಮರಿಯನ್ನು ಅದು ಹುಟ್ಟಿದ ಜಾಗದಲ್ಲಿ, ತಾಯಿಯ ಜೊತೆಗೆ ನೋಡಬೇಕು. ತಾಯಿಯನ್ನು ತೋರಿಸಲು ಒಪ್ಪದವನು, ಬಸ್‌ಸ್ಟ್ಯಾಂಡಿಗೆ ಮರಿ ತಂದುಕೊಡುತ್ತೇನೆನ್ನುವವನು, ಕೇಳಿದ ಜಾತಿಯನ್ನೆಲ್ಲ ಸದಾ ಇಟ್ಟುಕೊಂಡಿರುವವನು, ಫೋಟೋ ಕಳಿಸಿ ಮುಂಗಡ ಕೇಳುವವನು, ಇವರಿಂದ ದೂರವಿರಬೇಕು. ತಳಿಯ ಪ್ರಮಾಣಪತ್ರ ವಂಶವನ್ನು ಹೇಳುತ್ತದೆ. ತಾಯಿಯನ್ನು ಹೇಗೆ ಸಾಕಿದ್ದಾರೆಂಬುದನ್ನು ಅದು ಹೇಳುವುದಿಲ್ಲ. ಒಳ್ಳೆಯ ಸಾಕಣೆಗಾರನು ನಮ್ಮನ್ನೇ ನಾಲ್ಕು ಪ್ರಶ್ನೆ ಕೇಳುತ್ತಾನೆ, ಕಾಯಿರಿ ಎನ್ನುತ್ತಾನೆ. ಕುರಿಗಾರ ಅಜ್ಜ ಕೇಳಿದ್ದೂ ಅದನ್ನೇ.

ಬೇಟೆನಾಯಿಯೇ ಬೇಕೆನ್ನುವವರಿಗೆ ಮುಧೋಳ ನಮ್ಮಿಂದ ಬಹಳ ದೂರವಿಲ್ಲ. ಮುಧೋಳದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆ ಅವರು ಪೋಷಿಸಿ ಬೆಳೆಸಿದ ಈ ತಳಿಯ ಅಂಚೆಚೀಟಿಯನ್ನು ಭಾರತ ಸರ್ಕಾರ 2005ರಲ್ಲಿ ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ಸಮೀಪದ ತಿಮ್ಮಾಪುರದಲ್ಲಿದೆ. ಆದರೆ ದೇಶೀ ತಳಿಯೆಂಬ ಹೆಸರೇ ಒಳ್ಳೆಯತನದ ಜಾಮೀನಲ್ಲ. ಬೇಡಿಕೆ ಹೆಚ್ಚಿದರೆ ದೇಶೀ ನಾಯಿಗೂ ಜಾಳಿಗೆಯ ಗೂಡು ಸಿದ್ಧವಾದೀತು. ಓಡಲು ಹೊಲವಿಲ್ಲದವರಿಗೆ ಆ ನಾಯಿ ತಕ್ಕದ್ದೂ ಅಲ್ಲ. ಹಾಗೆಯೇ ಹಿಮದ ನಾಡಿನ ಹಸ್ಕಿ ನಾಯಿಯನ್ನು ನಮ್ಮ ಜತ್ತದ ಬೇಸಗೆಗೆ ತರುವುದು ಶೋಕಿಗಾಗಿ ಕೊಡುವ ಶಿಕ್ಷೆ. ಬಹುಮಂದಿಗೆ ನಮ್ಮ ಊರಿನ ನಾಯಿಯೇ ಸಾಕು. ಈ ಗಾಳಿ, ಈ ರೊಟ್ಟಿ ಅದಕ್ಕೆ ಒಗ್ಗಿವೆ. ಅದರಲ್ಲೂ ಯಾರಿಗೂ ಬೇಡವಾದ ಹೆಣ್ಣು ಮರಿಯನ್ನು ತಂದು, ಲಸಿಕೆ ಹಾಕಿಸಿ, ಕಾಲಕ್ಕೆ ಸರಿಯಾಗಿ ಸಂತಾನಹರಣ ಮಾಡಿಸಿದರೆ ಹಳ್ಳಕ್ಕೆ ಹೋಗುವ ಚೀಲವೊಂದು ತಪ್ಪುತ್ತದೆ. ಹನ್ನೆರಡು ಹದಿಮೂರು ವರ್ಷ ನೋಡಿಕೊಳ್ಳುವ ಶಕ್ತಿಯಿಲ್ಲದವರು ನಾಯಿಯನ್ನೇ ತರದಿರುವುದೂ ಧರ್ಮವೇ.

ಈ ಕಡೆಯ ಮಾತು ನಮಗೂ ಅನ್ವಯಿಸುತ್ತದೆ. ಮೋತಿ ಸತ್ತ ಎರಡು ವರ್ಷಕ್ಕೆ, ನಾವು ನಿವೃತ್ತರಾದ ಶಾಲೆಯ ಸಿಪಾಯಿ ಹೇಳಿ ಕಳಿಸಿದ, ಶಾಲೆಯ ಕಟ್ಟಿಗೆ ಕೋಣೆಯಲ್ಲಿ ನಾಯಿ ಈದಿದೆ ಎಂದು. ಹೋಗಿ ನೋಡಿದೆವು. ಕೆಂಚು ಬಣ್ಣದ ತಾಯಿ ಹಲ್ಲು ತೋರಿಸಿತು. ನಾಲ್ಕು ಮರಿಗಳಲ್ಲಿ ಮೂರು ಗಂಡನ್ನು ಊರವರು ಆಗಲೇ ಗೊತ್ತುಮಾಡಿದ್ದರು. ಉಳಿದ ಕಪ್ಪು ಹೆಣ್ಣು ಮರಿ ನಮ್ಮದಾಯಿತು. ಎರಡು ತಿಂಗಳು ತುಂಬುವವರೆಗೆ ದಿನವೂ ತಾಯಿಗೆ ಹಾಲು ರೊಟ್ಟಿ ಒಯ್ದೆವು. ತರುವ ಮುನ್ನ ಮಗನನ್ನು ಕರೆಸಿ, ನಮಗೇನಾದರೂ ಆದರೆ ಇದನ್ನು ನೀನು ನೋಡಿಕೊಳ್ಳಬೇಕೆಂದು ಅವನಿಂದ ಬರೆಸಿಕೊಂಡೆವು. ಅವನು ನಕ್ಕನಾದರೂ ಸಹಿ ಮಾಡಿದ. ಮರಿ ತಂದ ಮೇಲೆ ವೈದ್ಯರಿಂದ ತಾಯಿಗೂ ಸಂತಾನಹರಣ ಮಾಡಿಸಿದೆವು. ಆತಕೂರಿನ ನೆನಪಿಗೆ ಮರಿಗೆ ಕಾಳಿ ಎಂದು ಹೆಸರಿಟ್ಟೆವು.

ಕಾಳಿಗೆ ಈಗ ಆರು ವರ್ಷ, ನಮಗೆ ಎಪ್ಪತ್ತಾರು. ಮೊಮ್ಮಗ ಕಾಲೇಜಿಗೆ ಸೇರಿದ್ದಾನೆ. ರಜೆಗೆ ಬಂದಾಗ ಸಂಜೆ ಅದನ್ನು ಕರೆದುಕೊಂಡು ಶಾಲೆಯ ಕಡೆಗೆ ಹೋಗುತ್ತೇವೆ. ಮುದಿಯಾದ ತಾಯಿ ಶಾಲೆಯ ಗೇಟಿನ ಬಳಿ ಮಲಗಿರುತ್ತದೆ. ಎದ್ದು ಬಂದು ಮಗಳನ್ನು ಒಮ್ಮೆ ಮೂಸಿ, ಮತ್ತೆ ತನ್ನ ಜಾಗಕ್ಕೆ ಹೋಗಿ ಮಲಗುತ್ತದೆ. ಕಳೆದ ಸಲ ಹುಡುಗ, “ಅಜ್ಜಾ, ಅದಕ್ಕ ಗುರ್ತ ಸಿಗ್ತದೇನು?” ಎಂದು ಕೇಳಿದ. ನಮಗೆ ಗೊತ್ತಿಲ್ಲಪ್ಪಾ ಎಂದೆವು.